ತೂತಿಲ್ಲದ ಎಲೆ, ಒಳಗಿನ ಹುಳ

ಬದನೆಕಾಯಿ ಹೆಚ್ಚಿದವರಿಗೆಲ್ಲ ಈ ಅನುಭವ ಆಗಿಯೇ ಇರುತ್ತದೆ. ಸಂತೆಯಲ್ಲಿ ಒಂದೊಂದನ್ನೂ ತಿರುಗಿಸಿ, ಹೊಳಪು ನೋಡಿ, ತೊಟ್ಟು ನೋಡಿ ಆರಿಸಿ ತಂದ ಕಾಯಿ. ಹೊರಗೆ ಒಂದು ಚುಕ್ಕೆಯೂ ಇರುವುದಿಲ್ಲ. ಈಳಿಗೆಮಣೆಯ ಮೇಲೆ ಎರಡು ಹೋಳಾದದ್ದೇ ತಡ, ಒಳಗಿಂದ ನಸುಗೆಂಪು ಹುಳವೊಂದು ತಲೆಯಾಡಿಸುತ್ತದೆ. ಬಾಗಿಲೇ ಇಲ್ಲದ ಮನೆಗೆ ಇದು ಹೊಕ್ಕದ್ದು ಹೇಗೆ?

ಹೊಕ್ಕಾಗ ಅದು ಹುಳ ಅನ್ನಿಸುವಷ್ಟು ದೊಡ್ಡದಾಗಿರಲಿಲ್ಲ. ಮೊಟ್ಟೆಯಿಂದ ಆಗಷ್ಟೇ ಹೊರಬಂದ, ದಾರದ ತುಂಡಿನಂಥ ಮರಿ ಎಳೆಗಾಯಿಯನ್ನು ಕೊರೆದು ಒಳಗೆ ಸೇರಿತು. ಸೇರಿದ ಮೇಲೆ ಆ ಗಾಯ ಅದರದೇ ಹಿಕ್ಕೆಯಿಂದ ಮುಚ್ಚಿತು, ಕಾಯಿ ಬಲಿತಂತೆ ಮಾಯಿತು. ನಮಗೆ ಕಾಣುವ ದುಂಡನೆಯ ತೂತು ಹುಳ ಹೊರಟುಹೋದ ಬಾಗಿಲು. ಹೀಗಾಗಿ ತೂತಿರುವ ಕಾಯಿ ಎಷ್ಟೋ ಸಲ ಖಾಲಿ ಮನೆ. ನುಣುಪಾದ ಕಾಯಿಯೊಳಗೇ ಸಂಸಾರ ನಡೆದಿರುತ್ತದೆ.

ಈ ಒಗಟು ನನಗೆ ಮತ್ತೆ ಎದುರಾದದ್ದು ನ್ಯೂಜೆರ್ಸಿಯಲ್ಲಿ, ಮಗಳ ಮನೆಯ ಹಿತ್ತಲಲ್ಲಿ. ಮಕ್ಕಳ ಮನೆಗೆಂದು ಹೋಗುವ ನಮ್ಮ ಕಡೆಯ ಅಪ್ಪ-ಅಮ್ಮಂದಿರು ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಚಳಿ ಇಳಿಯುವ ಹೊತ್ತಿಗೆ ಹೋಗಿ, ಅಕ್ಟೋಬರ್‌ನಲ್ಲಿ ಅದು ಮತ್ತೆ ಏರುವ ಮೊದಲು ಮರಳುತ್ತಾರೆ. ನಾನು ಅಲ್ಲಿದ್ದದ್ದೂ ಅದೇ ಆರು ತಿಂಗಳು. ಅಲ್ಲಿಯ ಐರಿಸ್ ಗಿಡವನ್ನು ಕೊರೆಯುವ ಹುಳದ ಆಯುಷ್ಯ ಮೊಟ್ಟೆ ಒಡೆಯುವುದರಿಂದ ಹಿಡಿದು ಮತ್ತೆ ಮೊಟ್ಟೆ ಇಡುವವರೆಗೆ ಸರಿಯಾಗಿ ಆ ಆರು ತಿಂಗಳೊಳಗೆ ಮುಗಿಯುತ್ತದೆ. ಅದನ್ನು ಮೊದಲಿಂದ ಕೊನೆಯವರೆಗೆ ನೋಡುವ ಅವಕಾಶ ನನಗೆ ಸಿಕ್ಕಿತು.

ಕಾಮನಬಿಲ್ಲಿನ ಹೆಸರಿನ ಹೂವು

ಐರಿಸ್ ಎಂದರೆ ಗ್ರೀಕರ ಪುರಾಣದಲ್ಲಿ ಕಾಮನಬಿಲ್ಲಿನ ದೇವತೆ. ಆಕೆಯ ಹೆಸರು ಹೊತ್ತ ಹೂವು ನೇರಳೆ, ಹಳದಿ, ಬಿಳಿ, ಕಂದು, ನೀಲಿ ಹೀಗೆ ಎಷ್ಟೋ ಬಣ್ಣಗಳಲ್ಲಿ ಅರಳುತ್ತದೆ. ಮೂರು ಎಸಳು ಮೇಲಕ್ಕೆ ಗೋಪುರದಂತೆ ಕೂಡಿರುತ್ತವೆ, ಮೂರು ಕೆಳಕ್ಕೆ ನಾಲಿಗೆಯಂತೆ ಚಾಚಿರುತ್ತವೆ. ತೋಟಗಳಲ್ಲಿ ಹೆಚ್ಚಾಗಿ ಬೆಳೆಸುವ ಬಗೆಯಲ್ಲಿ ಕೆಳಗಿನ ಎಸಳುಗಳ ನಡುವೆ ಮೆತ್ತನೆಯ ಕೂದಲಿನ ಪಟ್ಟಿ ಇರುವುದರಿಂದ ಅದಕ್ಕೆ ಗಡ್ಡದ ಐರಿಸ್ ಎಂದೇ ಹೆಸರು. ಕೇಸರಿಯೂ ಗ್ಲಾಡಿಯೋಲಸ್ಸೂ ಇದರ ದಾಯಾದಿಗಳು. ನಮ್ಮ ದೇಶದಲ್ಲಿ ಐರಿಸ್ ಅನ್ನು ಕಣ್ತುಂಬ ನೋಡಬೇಕೆಂದರೆ ವಸಂತದಲ್ಲಿ ಕಾಶ್ಮೀರಕ್ಕೆ ಹೋಗಬೇಕು. ಅಲ್ಲಿ ಗೋರಿಗಳ ಮೇಲೆ ಅದನ್ನು ನೆಡುವ ರೂಢಿ ಇದೆ.

ನ್ಯೂಜೆರ್ಸಿಯ ಮಾಂಟ್‌ಕ್ಲೇರ್ ಪಟ್ಟಣದಲ್ಲಿ 1927ರಲ್ಲಿ ಆರಂಭವಾದ ಪ್ರೆಸ್ಬಿ ಐರಿಸ್ ಉದ್ಯಾನವಿದೆ. ಮೇ ನಡುವಿನಿಂದ ಜೂನ್ ಮೊದಲ ವಾರದವರೆಗೆ ಅಲ್ಲಿಯ ಇಳಿಜಾರಿನಲ್ಲಿ ಸಾವಿರಾರು ಹೂಗಳು ಒಟ್ಟಿಗೆ ಅರಳುತ್ತವೆ. ಅಲ್ಲಿಗೆ ಹೋಗಿಬಂದ ಮೇಲೆ ಮಗಳು ತನ್ನ ಹಿತ್ತಲಿನ ಪಾತಿಯನ್ನು ಬಗ್ಗಿ ನೋಡಿದಳು. ಪಕ್ಕದ ಮನೆಯ ಹಿರಿಯ ಹೆಂಗಸು ಹಿಂದಿನ ವರ್ಷ ತಮ್ಮ ತಾಯಿಯ ಕಾಲದ ಗಿಡದಿಂದ ಕಿತ್ತು ಕೊಟ್ಟ ಗೆಡ್ಡೆಗಳು ಅವು. ಐರಿಸ್ ಗೆಡ್ಡೆಯನ್ನು ಕಂಡರೆ ನಮಗೆ ತಕ್ಷಣ ಶುಂಠಿಯೋ ಬಜೆಯೋ ನೆನಪಾಗುತ್ತದೆ. ಅದೇ ರೀತಿ ಅಡ್ಡಡ್ಡ ಬೆಳೆದು, ಗೆಣ್ಣು ಗೆಣ್ಣಾಗಿ ಕವಲೊಡೆಯುತ್ತದೆ. ಎಲೆಗಳೂ ಬಜೆಯ ಎಲೆಗಳಂತೆಯೇ ಕತ್ತಿಯ ಆಕಾರ, ಬೀಸಣಿಗೆಯಂತೆ ಹರಡಿ ನಿಲ್ಲುತ್ತವೆ.

ಮೂರು ಬೀಸಣಿಗೆಗಳು ಚೆನ್ನಾಗಿದ್ದವು. ನಾಲ್ಕನೆಯದರ ನಡುವಿನ ಎಲೆ ಹಳದಿ ತಿರುಗಿತ್ತು. ಮಗಳು ಅದನ್ನು ಮೆಲ್ಲಗೆ ಎಳೆದಳು. ಬುಡ ಸಮೇತ ಕೈಗೆ ಬಂತು. "ಅಪ್ಪಾ, ಇದನ್ನ ಮೂಸಿ ನೋಡು" ಎಂದಳು. ಮೂಸಬೇಕಾಗಿರಲಿಲ್ಲ, ನಾಲ್ಕು ಮಾರು ದೂರಕ್ಕೇ ಕೊಳೆತ ಆಲೂಗಡ್ಡೆಯ ನಾತ ಬಡಿಯುತ್ತಿತ್ತು.

ಬೆಳಕಿಗೆ ಹಿಡಿದ ಎಲೆ

ಪಕ್ಕದ ಮನೆಯಾಕೆ ಬಂದು ನೋಡಿದರು. ಮಣ್ಣಿನತ್ತ ತಿರುಗಿಯೂ ನೋಡದೆ ಉಳಿದ ಬೀಸಣಿಗೆಯಿಂದ ಒಂದು ಹಸಿರು ಎಲೆಯನ್ನು ಬಗ್ಗಿಸಿ, ಇಳಿಬಿಸಿಲಿಗೆ ಅಡ್ಡ ಹಿಡಿದರು. ಕಲಿತ ಕಣ್ಣು ಎಂದರೆ ಇದು. ನೆಲಕ್ಕೆ ಹಿಡಿದಾಗ ಏನೂ ಇಲ್ಲದಂತಿದ್ದ ಎಲೆಯೊಳಗೆ, ಬೆಳಕು ಹಾಯ್ದಾಗ, ಒಂದು ವಕ್ರವಾದ ದಾರಿ ಕಂಡಿತು. ತುದಿಯ ಬಳಿ ದಾರದಷ್ಟು ಸಪುರ, ಕೆಳಕ್ಕೆ ಬರುತ್ತ ಬರುತ್ತ ಅಗಲ. ದಾರಿಯುದ್ದಕ್ಕೂ ಎಲೆ ನೀರು ಕುಡಿದ ಕಾಗದದಂತೆ ಅರೆಪಾರದರ್ಶಕ. ಮೇಲ್ತುದಿಯಲ್ಲಿ ಸೂಜಿ ಚುಚ್ಚಿದಂಥ ಒಂದು ಚುಕ್ಕೆ, ಅದರ ಕೆಳಗೆ ಕಣ್ಣೀರು ಇಳಿದಂಥ ಒಂದು ಕಲೆ. ದಾರಿ ಮುಗಿದಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಒಂದು ನೆರಳು ಅಲುಗಾಡುತ್ತಿತ್ತು.

ಐರಿಸ್ ಎಲೆಯ ರಚನೆಯೇ ಆ ಹುಳಕ್ಕೆ ಹೇಳಿ ಮಾಡಿಸಿದಂತಿದೆ. ಮಾವಿನ ಎಲೆಗೆ ಮೇಲ್ಮೈ ಬೇರೆ, ಕೆಳಮೈ ಬೇರೆ. ಐರಿಸ್ ಎಲೆ ಹಾಗಲ್ಲ. ಪಂಚೆಯನ್ನು ಉದ್ದಕ್ಕೆ ಎರಡು ಮಡಿಕೆ ಮಾಡಿ ಇಸ್ತ್ರಿ ಹಾಕಿದರೆ ಒಳಮೈಗಳು ಒಂದಕ್ಕೊಂದು ಅಂಟಿ, ಎರಡು ಕಡೆಯೂ ಹೊರಮೈಯೇ ಕಾಣುತ್ತದಲ್ಲ, ಅದು ಹಾಗಿದೆ. ಬುಡದಲ್ಲಿ ಮಾತ್ರ ಆ ಮಡಿಕೆ ಬಿಚ್ಚಿಕೊಂಡು ಮುಂದಿನ ಎಲೆಯನ್ನು ತಬ್ಬಿರುತ್ತದೆ. ಎರಡು ಗಟ್ಟಿ ಹೊರಮೈಗಳ ನಡುವೆ ಮೆತ್ತನೆಯ ರಸಭರಿತ ತಿರುಳು. ಅಲ್ಲಿ ಒಮ್ಮೆ ಸೇರಿಕೊಂಡ ಹುಳಕ್ಕೆ ಚಾವಣಿ ಇದೆ, ನೆಲ ಇದೆ, ನಡುವೆ ಊಟವಿದೆ. ಕೆಳಮುಖವಾಗಿ ತಿನ್ನುತ್ತ ಹೋದರೆ ದಾರಿ ತಾನಾಗಿ ಗೆಡ್ಡೆಗೇ ಮುಟ್ಟಿಸುತ್ತದೆ.

ಇದಕ್ಕೆ ಇಂಗ್ಲಿಷಿನಲ್ಲಿ ಐರಿಸ್ ಬೋರರ್ ಎನ್ನುತ್ತಾರೆ. ನಾವು ಕಾಂಡಕೊರಕ, ಕಾಯಿಕೊರಕ ಅನ್ನುವಂತೆ ಇದನ್ನು ಗೆಡ್ಡೆಕೊರಕ ಎಂದು ಕರೆಯೋಣ. ಶಾಸ್ತ್ರದ ಹೆಸರು ಮ್ಯಾಕ್ರೋನಾಕ್ಟುವಾ ಒನುಸ್ಟಾ. ಇದು ಉತ್ತರ ಅಮೆರಿಕದ ಮೂಲನಿವಾಸಿ. ಯುರೋಪಿನ ತೋಟಗಳಿಗೆ ಇದರ ಕಾಟವಿಲ್ಲ. 1889ರಲ್ಲಿ ವ್ಯಾನ್ ಗೋ ಫ್ರಾನ್ಸಿನ ಸೇಂಟ್ ರೆಮಿಯ ಆಶ್ರಯಧಾಮದ ತೋಟದಲ್ಲಿ ಕೂತು ಚಿತ್ರಿಸಿದ ಐರಿಸ್‌ಗಳಿಗೆ ಈ ಹುಳದ ಪರಿಚಯವೇ ಇರಲಿಲ್ಲ. ಆದರೆ ಯುರೋಪಿನ ಗಡ್ಡದ ಐರಿಸ್ ಅಮೆರಿಕಕ್ಕೆ ವಲಸೆ ಬಂದಾಗ, ಅಲ್ಲಿಯ ಕಾಡು ಐರಿಸ್‌ಗಳನ್ನು ತಿಂದುಕೊಂಡಿದ್ದ ಹುಳಕ್ಕೆ ದಪ್ಪ ದಪ್ಪ ಗೆಡ್ಡೆಗಳ ಹಬ್ಬದೂಟ ಸಿಕ್ಕಿತು.

ಹುಳದ ಪಂಚಾಂಗ

ವರ್ಷಕ್ಕೆ ಒಂದೇ ತಲೆಮಾರು. ಅದರ ಲೆಕ್ಕ ಹೀಗಿದೆ.

ಚಳಿಗಾಲವಿಡೀ ಇರುವುದು ಮೊಟ್ಟೆ ಮಾತ್ರ. ಹಿಂದಿನ ವರ್ಷದ ಒಣಗಿದ ಐರಿಸ್ ಎಲೆಗಳ ಮಡಿಕೆಯಲ್ಲಿ, ಬುಡದ ಕಸಕಡ್ಡಿಯಲ್ಲಿ, ಗಸಗಸೆಗಿಂತ ಸಣ್ಣ ಮೊಟ್ಟೆಗಳು ಗುಂಪುಗುಂಪಾಗಿ ಅಂಟಿಕೊಂಡಿರುತ್ತವೆ. ಹಿಮ ಬಿದ್ದರೂ ಜಗ್ಗುವುದಿಲ್ಲ. ಏಪ್ರಿಲ್ ನಡುವಿನಿಂದ ಮೇ ಆರಂಭದೊಳಗೆ, ಹೊಸ ಎಲೆಗಳು ಗೇಣುದ್ದವಾಗುವ ಹೊತ್ತಿಗೆ, ಮೊಟ್ಟೆ ಒಡೆಯುತ್ತದೆ. ಮರಿ ಹೊರಬಂದು ಹೊಸ ಎಲೆಯ ಮೇಲೆ ಹತ್ತುತ್ತದೆ, ಸೂಜಿಮೊನೆಯಷ್ಟು ತೂತು ಕೊರೆದು ಒಳಹೊಗುತ್ತದೆ. ಮೇ ತಿಂಗಳು ಎಲೆಯೊಳಗೆ. ಜೂನ್ ಹೊತ್ತಿಗೆ ಬೀಸಣಿಗೆಯ ಬುಡಕ್ಕೆ ಇಳಿದು, ಅಲ್ಲಿಂದ ಗೆಡ್ಡೆಗೆ. ಒಂದೇ ಬೀಸಣಿಗೆಗೆ ಹಲವು ಮರಿಗಳು ಹೊಕ್ಕಿದ್ದರೂ ಗೆಡ್ಡೆಯಲ್ಲಿ ಸಾಮಾನ್ಯವಾಗಿ ಒಂದೇ ಉಳಿಯುತ್ತದೆ. ಎದುರಾದ ಒಡಹುಟ್ಟನ್ನೂ ಅದು ತಿಂದುಹಾಕುತ್ತದೆ. ಜುಲೈ ಕೊನೆಗೆ ಎರಡು ಅಂಗುಲದ ಹತ್ತಿರ ಬೆಳೆದು, ಗುಲಾಬಿ ಮೈ, ಕಂದು ತಲೆ, ಪಕ್ಕದಲ್ಲಿ ಕಪ್ಪು ಚುಕ್ಕೆಗಳ ಸಾಲು ಹೊತ್ತು ಗೆಡ್ಡೆಯನ್ನು ಟೊಳ್ಳು ಮಾಡಿ ಮಣ್ಣಿಗಿಳಿಯುತ್ತದೆ. ಅಲ್ಲಿ ಹೊಳೆಯುವ ಕಂದು ಕೋಶವಾಗಿ ಕೆಲವು ವಾರ ಕಳೆದು, ಆಗಸ್ಟ್ ಕೊನೆಯಿಂದ ಅಕ್ಟೋಬರ್‌ವರೆಗೆ ಕಗ್ಗಂದು ಬಣ್ಣದ ಪತಂಗವಾಗಿ ಹೊರಬರುತ್ತದೆ. ಪತಂಗ ರಾತ್ರಿ ಮಾತ್ರ ಹಾರುತ್ತದೆ, ಒಣಗುತ್ತಿರುವ ಐರಿಸ್ ಎಲೆ ಹುಡುಕಿ ಮೊಟ್ಟೆ ಇಡುತ್ತದೆ, ಗಟ್ಟಿ ಹಿಮಕ್ಕೆ ಸಾಯುತ್ತದೆ.

ಈ ಪಂಚಾಂಗದಲ್ಲಿ ಹುಳ ಬಯಲಲ್ಲಿ ಇರುವ ದಿನಗಳೆಷ್ಟು ಎಂದು ಬೆರಳು ಮಡಿಸಿ ನೋಡಿ. ಮೊಟ್ಟೆಯೊಡೆದು ಎಲೆಗೆ ಹೊಗುವ ಸ್ವಲ್ಪ ಹೊತ್ತು ಬಿಟ್ಟರೆ ಮರಿಹುಳ ಹೊರಗೆ ಕಾಣುವುದೇ ಇಲ್ಲ. ತಿನ್ನುವುದು, ಬೆಳೆಯುವುದು, ಕೆಡಿಸುವುದು ಎಲ್ಲವೂ ಒಳಗೆ. ಬಯಲಲ್ಲಿ ದೀರ್ಘಕಾಲ ಬಿದ್ದಿರುವುದು ಮೊಟ್ಟೆ ಮಾತ್ರ, ಅದೂ ನಾವು ಲೆಕ್ಕಕ್ಕೇ ತೆಗೆದುಕೊಳ್ಳದ ಒಣ ಎಲೆಯ ಮೇಲೆ.

ಇಟ್ಟಿಗೆ ಉಳಿಯಿತು, ಗಾರೆ ಕರಗಿತು

ಹುಳ ಗೆಡ್ಡೆಯನ್ನು ತಿನ್ನುವುದು ನಿಜ. ಗಿಡ ಸಾಯುವುದು ಬಹುಪಾಲು ಅದರ ಹಿಂದೆ ಬರುವ ಕೊಳೆಯಿಂದ. ಹುಳ ಕೊರೆದ ಗಾಯದ ಮೂಲಕ ಪೆಕ್ಟೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಒಳಸೇರುತ್ತದೆ. ಆಲೂಗಡ್ಡೆ, ಕ್ಯಾರೆಟ್ ಮೂಟೆಯೊಳಗೇ ಲೊಳೆಯಾಗಿ ನಾರುವುದಕ್ಕೂ ಇದೇ ಕಾರಣ. ನಮ್ಮ ಬಾಳೆ ಬೆಳೆಗಾರರಿಗೂ ಇದರ ಗೆಡ್ಡೆ ಕೊಳೆ ಗೊತ್ತು.

ಗಿಡದ ಮೈಯನ್ನು ಇಟ್ಟಿಗೆ ಗೋಡೆ ಎಂದುಕೊಳ್ಳಿ. ಜೀವಕೋಶಗಳು ಇಟ್ಟಿಗೆ. ಅವನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಗಾರೆಗೆ ಪೆಕ್ಟಿನ್ ಎಂದು ಹೆಸರು. ಸೀಬೆಹಣ್ಣಿನ ಜಾಮ್ ಗಟ್ಟಿಯಾಗುವುದು ಇದೇ ಪೆಕ್ಟಿನ್‌ನಿಂದ. ಈ ಬ್ಯಾಕ್ಟೀರಿಯಾ ಮೊದಲು ಗಾರೆಯನ್ನು ಕರಗಿಸುತ್ತದೆ. ಗಾರೆ ಹೋದ ಗೋಡೆ ಕುಸಿಯುತ್ತದೆ, ಇಟ್ಟಿಗೆಗಳೂ ಸೋರುತ್ತವೆ. ಗಟ್ಟಿ ಶುಂಠಿಯಂತಿದ್ದ ಗೆಡ್ಡೆ ಕೆಲವೇ ದಿನಗಳಲ್ಲಿ ಹೊರಸಿಪ್ಪೆಯ ಚೀಲದೊಳಗೆ ತುಂಬಿದ ಗಂಜಿಯಾಗುತ್ತದೆ. ಮಗಳ ಕೈಗೆ ಎಲೆ ಸಲೀಸಾಗಿ ಬಂದದ್ದು ಇದರಿಂದಲೇ.

ವಿಷಕ್ಕೆ ದಾರಿ ಇಲ್ಲ, ಇದ್ದರೆ ದುಂಬಿಗೂ ಇದೆ

ಹಿಂದೆ ಅಮೆರಿಕದ ಮನೆ ತೋಟಗಳಲ್ಲಿ ಈ ಹುಳಕ್ಕೆ ಡೈಮಿಥೊಯೇಟ್ ಹೊಡೆಯುತ್ತಿದ್ದರು. ನಮ್ಮ ರೈತರು ರೋಗರ್ ಎಂಬ ಹೆಸರಿನಿಂದ ಬಲ್ಲ ಔಷಧಿ ಅದೇ. ಮೇಲ್ಮೈಗೆ ಮಾತ್ರ ಅಂಟುವ ವಿಷವಾದರೆ ಇಲ್ಲಿ ಪ್ರಯೋಜನ ಕಡಿಮೆ. ಐರಿಸ್ ಎಲೆಗೆ ಮೇಣದ ಲೇಪವಿದೆ, ಕೆಸುವಿನೆಲೆಯ ಮೇಲಿನ ನೀರಿನ ಹಾಗೆ ಹನಿ ಉರುಳಿಹೋಗುತ್ತದೆ. ಅಂಟಿಕೊಂಡರೂ ಹುಳ ಆಗಲೇ ಒಳಗಿರುತ್ತದೆ. ಆದ್ದರಿಂದ ಗಿಡದ ರಸದಲ್ಲೇ ಬೆರೆತು ಮೈಯೆಲ್ಲ ಹರಿಯುವ ಅಂತರ್ವ್ಯಾಪಿ ವಿಷವನ್ನು ಆರಿಸಿಕೊಂಡರು.

ರಸ ಎಲೆಗೆ ಹೋದಂತೆ ಹೂವಿಗೂ ಹೋಗುತ್ತದೆ. ಐರಿಸ್ ಹೂವನ್ನು ಹತ್ತಿರದಿಂದ ನೋಡಿದರೆ ಅದು ಒಂದು ಹೂವಲ್ಲ, ಮೂರು ಸುರಂಗಗಳು. ಕೆಳಗೆ ಚಾಚಿದ ಪ್ರತಿಯೊಂದು ಎಸಳಿನ ಮೇಲೂ ಒಂದು ಕಮಾನು ಬಾಗಿದೆ. ಬಂಬಲ್‌ಬೀ ಎನ್ನುವ ರೋಮಭರಿತ ದುಂಬಿ ಗಡ್ಡದ ಮೇಲೆ ಕಾಲೂರಿ ಒಳಕ್ಕೆ ನುಸುಳಿದಾಗ, ಕಮಾನಿನ ಅಂಚಿನ ಒಂದು ತುಟಿ ಅದರ ಬೆನ್ನಿನ ಮೇಲಿರುವ ಹಿಂದಿನ ಹೂವಿನ ಪರಾಗವನ್ನು ಕೆರೆದುಕೊಳ್ಳುತ್ತದೆ. ಇನ್ನೂ ಒಳಗೆ ಹೋದಾಗ ಈ ಹೂವಿನ ಪರಾಗ ಬೆನ್ನಿಗೆ ಮೆತ್ತುತ್ತದೆ. ಬೆಳಗಿನ ಹೊತ್ತು ಆ ಪಾತಿಯ ಮುಂದೆ ಕೂತು ಒಂದೇ ದುಂಬಿ ಮೂರೂ ಬಾಗಿಲುಗಳಲ್ಲಿ ಸರದಿಯಂತೆ ಹೊಕ್ಕು ಬರುವುದನ್ನು ನಾನು ಎಷ್ಟು ಸಲ ನೋಡಿದೆನೋ. ಹುಳಕ್ಕೆ ವಿಷ ಹಾಕಬೇಕಾದ ವಾರಗಳು ಮತ್ತು ಹೂ ಬಿಡುವ ವಾರಗಳು ಹೆಚ್ಚು ಕಡಿಮೆ ಒಂದೇ. ಗೆಡ್ಡೆಯ ಹುಳಕ್ಕೆಂದು ಇಟ್ಟ ವಿಷದ ತಟ್ಟೆಯನ್ನು ದುಂಬಿಯ ಮುಂದೆಯೂ ಇಟ್ಟಂತೆ. ಡೈಮಿಥೊಯೇಟ್ ಈಗ ಅಲ್ಲಿ ಮನೆ ತೋಟದ ಬಳಕೆಗೆ ಇಲ್ಲ. ಆದರೆ ಅದರ ಜಾಗಕ್ಕೆ ಬಂದ ಬೇರೆ ಅಂತರ್ವ್ಯಾಪಿ ವಿಷಗಳ ವಿಷಯದಲ್ಲೂ ಈ ಮಾತು ಬದಲಾಗುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಇಲ್ಲಿ ಬೇಕಾದದ್ದು ವಿಷದ ಬಲ ಅಲ್ಲ. ಕತ್ತಲ ಸುರಂಗದಲ್ಲಿ ತಾನೇ ನಡೆದುಹೋಗಿ ಹುಳವನ್ನು ಹುಡುಕಬಲ್ಲದ್ದೊಂದು ಬೇಕು. ಅಂಥದ್ದೊಂದು ಇದೆ. ಅದರ ಕತೆ ಶುರುವಾಗುವುದು ಅದೇ ನ್ಯೂಜೆರ್ಸಿಯಲ್ಲಿ.

ಗಾಲ್ಫ್ ಮೈದಾನದ ಸತ್ತ ಹುಳಗಳು

1916ರಲ್ಲಿ ನ್ಯೂಜೆರ್ಸಿಯ ರಿವರ್ಟನ್ ಎಂಬ ಊರಿನ ನರ್ಸರಿಯೊಂದರಲ್ಲಿ ಹಸಿರು-ತಾಮ್ರದ ಬಣ್ಣದ ಹೊಸ ಜೀರುಂಡೆ ಕಂಡಿತು. ಜಪಾನಿನದು. ಹೊರದೇಶದಿಂದ ಬರುವ ಗಿಡಗಳ ತಪಾಸಣೆ ಆರಂಭವಾದದ್ದು 1912ರಲ್ಲಿ. ಅದಕ್ಕೂ ಮೊದಲೇ, ಜಪಾನಿನಿಂದ ತರಿಸಿದ ಐರಿಸ್ ಗೆಡ್ಡೆಗಳಿಗೆ ಅಂಟಿದ ಮಣ್ಣಿನಲ್ಲಿ ಇದರ ಮರಿಹುಳಗಳು ಬಂದಿರಬೇಕು ಎಂಬುದು ಸಾಮಾನ್ಯ ನಂಬಿಕೆ. ಜೀರುಂಡೆ ಎಲೆಗಳನ್ನು ಜಾಲರಿ ಮಾಡುತ್ತದೆ. ಅದರ ಮರಿ, ನಮ್ಮ ಗೊಣ್ಣೆಹುಳದ ಹಾಗೆಯೇ, ಮಣ್ಣಿನಡಿ ಹುಲ್ಲಿನ ಬೇರು ತಿನ್ನುತ್ತದೆ.

1929ರಲ್ಲಿ ರುಡಾಲ್ಫ್ ಗ್ಲೇಸರ್ ಎಂಬ ವಿಜ್ಞಾನಿ ಹ್ಯಾಡನ್‌ಫೀಲ್ಡ್ ಹತ್ತಿರದ ಟ್ಯಾವಿಸ್ಟಾಕ್ ಗಾಲ್ಫ್ ಮೈದಾನದಲ್ಲಿ ಈ ಮರಿಹುಳಗಳು ಸತ್ತು ಬಿದ್ದಿರುವುದನ್ನು ಕಂಡರು. ಒಳಗೆ ಬಿಳಿ ದಾರದಂಥ ಸೂಕ್ಷ್ಮ ಜಂತುಗಳು ತುಂಬಿದ್ದವು. ಅವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ವಿಧಾನ ಕಂಡುಕೊಂಡರು. 1930ರ ದಶಕದಲ್ಲಿ ನ್ಯೂಜೆರ್ಸಿಯ ಹೊಲಗಳಲ್ಲಿ ಅವನ್ನು ಬಿಟ್ಟೂ ನೋಡಿದರು. ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಮುಗಿದು ಡಿಡಿಟಿ ಕಾಲ ಬಂತು. ಹೊಡೆದ ಕೂಡಲೇ ಸಾಯಿಸುವ ಪುಡಿ ಅಗ್ಗಕ್ಕೆ ಸಿಗುವಾಗ ಜಂತುಗಳ ಗೊಡವೆ ಯಾರಿಗೂ ಬೇಡವಾಯಿತು. 1954ರಲ್ಲಿ ಇದೇ ಜೀರುಂಡೆಯನ್ನು ತಡೆಯಲೆಂದು ಇಲಿನಾಯ್ ರಾಜ್ಯದ ಶೆಲ್ಡನ್ ಊರಿನ ಮೇಲೆ ವಿಮಾನದಿಂದ ಡೀಲ್ಡ್ರಿನ್ ಸುರಿದರು. ಹಕ್ಕಿಗಳು, ನೆಲದ ಅಳಿಲುಗಳು, ಹೊಲಮನೆಯ ಬೆಕ್ಕುಗಳು ಸತ್ತವು. ರೇಚಲ್ ಕಾರ್ಸನ್ 1962ರ ತಮ್ಮ 'ಸೈಲೆಂಟ್ ಸ್ಪ್ರಿಂಗ್' ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದರು. ಗ್ಲೇಸರ್ ಅವರ ಜಂತುಗಳತ್ತ ಕಣ್ಣು ಮತ್ತೆ ಹೊರಳಿತು.

ಇವುಗಳ ಇಂಗ್ಲಿಷ್ ಹೆಸರು ನೆಮಟೋಡ್. ಗ್ರೀಕಿನಲ್ಲಿ ನೆಮ ಎಂದರೆ ನೂಲು. ಆದ್ದರಿಂದ ಇವನ್ನು ನೂಲುಹುಳ ಎನ್ನೋಣ. ಟೊಮೇಟೊ, ಹಿಪ್ಪುನೇರಳೆ ಬೆಳೆಯುವವರಿಗೆ ಬೇರುಗಂಟು ತರುವ ಜಂತು ಎಂದರೆ ಸಿಟ್ಟು ಬರುತ್ತದೆ. ಅದೂ ನೂಲುಹುಳವೇ, ಆದರೆ ಬೇರೆ ಜಾತಿ, ಗಿಡ ತಿನ್ನುವುದು. ನಾವು ಹೇಳುತ್ತಿರುವುದು ಕೀಟವನ್ನು ಮಾತ್ರ ಹುಡುಕುವ ಜಾತಿಗಳನ್ನು. ಮನುಷ್ಯರಿಗೆ, ನಾಯಿ-ಬೆಕ್ಕಿಗೆ, ಎರೆಹುಳಕ್ಕೆ ಅವು ಏನೂ ಮಾಡುವುದಿಲ್ಲ.

ಒಂದು ಚಮಚ ಹೆಪ್ಪು

ಮೇ ಕೊನೆಯ ವಾರ ಮಗಳು ಅಂಗಡಿಯಿಂದ ಸ್ಟೈನರ್‌ನೀಮಾ ಕಾರ್ಪೊಕ್ಯಾಪ್ಸೆ ಜಾತಿಯ ನೂಲುಹುಳಗಳ ಪೊಟ್ಟಣ ತರಿಸಿದಳು. ಗ್ಲೇಸರ್ ಕಂಡದ್ದರ ಹತ್ತಿರದ ದಾಯಾದಿ ಇದು. ಪೊಟ್ಟಣ ತಣ್ಣಗಿನ ಡಬ್ಬಿಯಲ್ಲಿ ಬಂತು, ಫ್ರಿಜ್‌ನಲ್ಲಿಟ್ಟೆವು. ಬಳಸುವ ಮೊದಲು ಜೀವಂತವಾಗಿವೆಯೇ ನೋಡಬೇಕು. ಒಂದು ಚಮಚ ನೀರಿನಲ್ಲಿ ಚಿಟಿಕೆಯಷ್ಟು ಕದಡಿ ಕಪ್ಪು ತಟ್ಟೆಗೆ ಹಾಕಿದೆವು. ಬರಿಗಣ್ಣಿಗೆ ನೀರು ಸ್ವಲ್ಪ ಹಾಲುಬೆರೆಸಿದಂತೆ ಕಂಡಿತು. ಭೂತಗನ್ನಡಿ ಹಿಡಿದಾಗ ಹಾಲಿನ ಬದಲು ಸಾವಿರಾರು ಬಿಳಿ ಎಳೆಗಳು, ಒಂದೊಂದೂ ಅರ್ಧ ಮಿಲಿಮೀಟರ್ ಉದ್ದ, ಬಾಗಿ ನೆಟ್ಟಗಾಗಿ ಮತ್ತೆ ಬಾಗುತ್ತಿದ್ದವು.

ಈ ಎಳೆಗಳು ಪೂರ್ಣ ಬೆಳೆದವಲ್ಲ, ಪ್ರಯಾಣಕ್ಕೆಂದೇ ಸಿದ್ಧವಾದ ಮರಿಗಳು. ಬಾಯಿ ಮುಚ್ಚಿರುತ್ತದೆ, ದಾರಿಯಲ್ಲಿ ಏನೂ ತಿನ್ನುವುದಿಲ್ಲ. ಮೈಯಲ್ಲಿ ಕಟ್ಟಿಕೊಂಡ ಕೊಬ್ಬೇ ಬುತ್ತಿ. ಅದು ಮುಗಿಯುವುದರೊಳಗೆ ಒಂದು ಕೀಟ ಸಿಗಬೇಕು. ಕೀಟ ಉಸಿರು ಬಿಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್ ಮುಂತಾದ ವಾಸನೆಗಳೇ ಅವಕ್ಕೆ ದಾರಿದೀಪ. ಒದ್ದೆಯಾದ, ಕತ್ತಲಿನ, ಕೊನೆಯಲ್ಲಿ ಒಂದು ಕೀಟ ಕೂತಿರುವ ಸುರಂಗ ಅವಕ್ಕೆ ಎಂಥ ಅನುಕೂಲ! ಹುಳ ತನ್ನ ರಕ್ಷಣೆಗೆಂದು ಕೊರೆದ ದಾರಿಯೇ ಬೇಟೆಗಾರನನ್ನು ಮನೆ ಬಾಗಿಲಿಗೆ ತಂದು ಬಿಡುತ್ತದೆ.

ಹುಳ ಸಿಕ್ಕಿದಾಗ ಅದರ ಬಾಯಿಂದಲೋ, ಗುದದಿಂದಲೋ, ಉಸಿರಾಡುವ ಪಕ್ಕದ ರಂಧ್ರಗಳಿಂದಲೋ ಒಳಹೊಕ್ಕು ರಕ್ತದ ತನಕ ತಲುಪುತ್ತವೆ. ಇಷ್ಟು ಸಣ್ಣದಾದ ನೂಲುಹುಳ ಎರಡು ಅಂಗುಲದ ಹುಳವನ್ನು ಕೊಲ್ಲುವುದು ಹೇಗೆ? ಗ್ಲೇಸರ್ ಅವರಿಗೂ ಇದು ಪೂರ್ತಿ ತಿಳಿದಿರಲಿಲ್ಲ. 1960ರ ದಶಕದಲ್ಲಿ ಸ್ಪಷ್ಟವಾಯಿತು. ಕೊಲ್ಲುವುದು ನೂಲುಹುಳ ಒಂದೇ ಅಲ್ಲ, ಅದು ಕರುಳಿನ ಪುಟ್ಟ ಚೀಲದಲ್ಲಿ ಹೊತ್ತು ತಂದ ಝೀನೋರ್‍ಹ್ಯಾಬ್ಡಸ್ ಎಂಬ ಬ್ಯಾಕ್ಟೀರಿಯಾ ಕೂಡ.

ನಮ್ಮ ಅಡುಗೆಮನೆಯ ಹೆಪ್ಪನ್ನು ನೆನಪಿಸಿಕೊಳ್ಳಿ. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಮೊಸರು ಹಾಕಿದರೆ ಬೆಳಗಾಗುವಷ್ಟರಲ್ಲಿ ಪಾತ್ರೆಯೆಲ್ಲ ಮೊಸರು. ನೂಲುಹುಳ ಅದನ್ನೇ ಮಾಡುತ್ತದೆ. ಕೀಟದ ರಕ್ತವೆಂಬ ಹಾಲಿಗೆ ತಾನು ತಂದ ಹೆಪ್ಪನ್ನು ಬಿಡುತ್ತದೆ. ಬ್ಯಾಕ್ಟೀರಿಯಾ ದುಪ್ಪಟ್ಟು ದುಪ್ಪಟ್ಟಾಗಿ ಬೆಳೆದು ಒಂದೆರಡು ದಿನದಲ್ಲಿ ಕೀಟ ಸಾಯುತ್ತದೆ. ಒಳಗಿನದೆಲ್ಲ ನೂಲುಹುಳ ಕುಡಿಯಬಲ್ಲ ರಸವಾಗುತ್ತದೆ. ಹೆಪ್ಪು ಗಟ್ಟಿಯಾಗಿ ಕೂತ ಮೊಸರಿನಲ್ಲಿ ಬೇರೆ ಜೀವಿಗಳಿಗೆ ಬೆಳೆಯುವುದು ಕಷ್ಟ. ಇಲ್ಲೂ ಆ ಬ್ಯಾಕ್ಟೀರಿಯಾ ಬೇರೆ ಸೂಕ್ಷ್ಮಜೀವಿಗಳನ್ನು ತಡೆಯುವ ರಾಸಾಯನಿಕಗಳನ್ನು ತಯಾರಿಸಿ ಹೆಣ ಕೊಳೆಯದಂತೆ ಕಾಯುತ್ತದೆ. ನೂಲುಹುಳಗಳು ಅದರೊಳಗೇ ಬೆಳೆದು, ಮರಿ ಹಾಕಿ, ಎರಡು ಮೂರು ತಲೆಮಾರು ಕಳೆಯುತ್ತವೆ. ಊಟ ಮುಗಿಯುತ್ತ ಬಂದಾಗ ಹೊಸ ಪ್ರಯಾಣಿಕ ಮರಿಗಳು ಹುಟ್ಟುತ್ತವೆ. ಹೊರಡುವ ಮುನ್ನ ಪ್ರತಿಯೊಂದೂ ನಾಳೆಗೆಂದು ಒಂದಿಷ್ಟು ಹೆಪ್ಪನ್ನು ತನ್ನ ಚೀಲದಲ್ಲಿ ತೆಗೆದಿಟ್ಟುಕೊಳ್ಳುತ್ತದೆ. ಒಂದು ಹುಳ ಹೊಕ್ಕ ಮನೆಯಿಂದ ಸಾವಿರಗಟ್ಟಲೆ ಬೇಟೆಗಾರರು ಹೊರಬೀಳುತ್ತಾರೆ.

ಇವು ಬದುಕುವುದು ತೇವದಲ್ಲಿ. ಬಿಸಿಲಿಗೆ ಬಿದ್ದರೆ ಸಾಯುತ್ತವೆ, ಮಣ್ಣು ತೀರ ತಣ್ಣಗಿದ್ದರೆ ಮುದುಡಿಕೊಳ್ಳುತ್ತವೆ. ಆದ್ದರಿಂದ ಸಂಜೆ ಸೂರ್ಯ ಇಳಿದ ಮೇಲೆ ಮೊದಲು ಪಾತಿಗೆ ನೀರು ಹಾಯಿಸಿ, ಆಮೇಲೆ ನೂಲುಹುಳಗಳನ್ನು ಕದಡಿದ ನೀರನ್ನು ಹೂಜಿಯಿಂದ ಬೀಸಣಿಗೆಯ ಬುಡಕ್ಕೂ ಎಲೆಗಳ ಸಂದಿಗೂ ಸುರಿದೆವು. ಮತ್ತೆ ಸ್ವಲ್ಪ ನೀರು. ಹುಳಗಳು ಎಲೆಯಿಂದ ಗೆಡ್ಡೆಗೆ ಇಳಿಯುವ ಕಾಲ ಅದು. ತಿಂಗಳು ಮುಂಚೆ ಹಾಕಿದ್ದರೆ ಮಣ್ಣು ತಣ್ಣಗೆ, ಹುಳ ಇನ್ನೂ ಎಲೆಯ ತುದಿಯಲ್ಲಿ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಹೆಟೆರೊರ್‍ಹ್ಯಾಬ್ಡೈಟಿಸ್ ಇಂಡಿಕಾ ಎಂಬ, ಹೆಸರಿನಲ್ಲೇ ಭಾರತವನ್ನು ಹೊತ್ತ ನೂಲುಹುಳವನ್ನು 1992ರಲ್ಲಿ ಕೊಯಮತ್ತೂರಿನಿಂದ ಗುರುತಿಸಿ ವರ್ಣಿಸಿದರು. ಬೆಂಗಳೂರಿನಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಅದನ್ನು ನೀರಿನಲ್ಲಿ ಕದಡಿ ಹಾಕಬಹುದಾದ ಪುಡಿಯ ರೂಪಕ್ಕೆ ತಂದಿದೆ. ಕಬ್ಬಿನ ಗೊಣ್ಣೆಹುಳಕ್ಕೆ, ಅಡಿಕೆ ತೋಟದ ಬೇರುಹುಳಕ್ಕೆ ಅದು ಆಗುತ್ತದೆ. ಬೇರುಹುಳದಿಂದ ಹೆಡೆ ಹಳದಿಯಾದ ಅಡಿಕೆ ಮರ ನೋಡಿದವರಿಗೆ ನಾನು ಮೇಲೆ ಹೇಳಿದ ಸಂಕಟ ಅರ್ಥವಾಗುತ್ತದೆ. ಅಲ್ಲಿಯೂ ಶತ್ರು ಇರುವುದು ಮಣ್ಣಿನೊಳಗೆ, ಸಿಂಪಡಣೆಗೆ ಸಿಗದ ಜಾಗದಲ್ಲಿ.

ಕೈ, ಚಾಕು, ಬಿಸಿಲು

ನೂಲುಹುಳಗಳಿಗೇ ಎಲ್ಲವನ್ನೂ ಬಿಡಬೇಕಾಗಿಲ್ಲ. ಪಕ್ಕದ ಮನೆಯಾಕೆ ಒಮ್ಮೆಯೂ ಪೊಟ್ಟಣ ತರಿಸಿದವರಲ್ಲ. ಮೇ ತಿಂಗಳ ಪ್ರತಿ ಬೆಳಗ್ಗೆ ಕಾಫಿ ಲೋಟ ಹಿಡಿದು ಪಾತಿಗೆ ಬರುತ್ತಿದ್ದರು. ಎಲೆಯನ್ನು ಬೆಳಕಿಗೆ ಹಿಡಿದು, ನೆರಳು ಕಂಡಲ್ಲಿ ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ ಮೇಲಿಂದ ಕೆಳಕ್ಕೆ ಎಳೆಯುತ್ತಿದ್ದರು. ಚಟ್ ಎಂಬ ಸಣ್ಣ ಸದ್ದು. ಎಲೆ ಉಳಿಯಿತು, ಹುಳ ಹೋಯಿತು. ಇಪ್ಪತ್ತು ಬೀಸಣಿಗೆಗಳ ಪಾತಿಗೆ ಇದಕ್ಕಿಂತ ಒಳ್ಳೆಯ ಔಷಧಿ ನನಗೆ ಗೊತ್ತಿಲ್ಲ. ಸಾವಿರ ಬೀಸಣಿಗೆಗಳಿದ್ದರೆ ಮಾತು ಬೇರೆ.

 

ಜುಲೈನಲ್ಲಿ, ಹೂ ಮುಗಿದು ಕೆಲವು ವಾರಗಳಾದ ಮೇಲೆ, ಪಾತಿಯನ್ನು ಅಗೆದೆವು. ಐರಿಸ್ ಗೆಡ್ಡೆಗಳನ್ನು ಮೂರು ನಾಲ್ಕು ವರ್ಷಕ್ಕೊಮ್ಮೆ ಕಿತ್ತು ಬಿಡಿಸಿ ನೆಡುವುದು ಹೇಗೂ ಅಗತ್ಯ. ಹುಳ ಗೆಡ್ಡೆಯೊಳಗೆ ಸಿಕ್ಕಿಬೀಳುವುದೂ ಅದೇ ತಿಂಗಳು. ಒಂದು ಗೆಡ್ಡೆಯ ಪಕ್ಕದಲ್ಲಿ ಮರದ ಹೊಟ್ಟಿನಂಥ ಹಿಕ್ಕೆ. ಸೀಳಿದಾಗ ಒಳಗೆ ಮಾಸಲು ಕಂದು ಬಣ್ಣಕ್ಕೆ ತಿರುಗಿದ, ಜೋತುಬಿದ್ದ ಹುಳ. ಮೂಗಿನ ಹತ್ತಿರ ತಂದೆ. ನಾತ ಇರಲಿಲ್ಲ. ಹೆಪ್ಪು ತನ್ನ ಕೆಲಸ ಮಾಡಿತ್ತು. ಇನ್ನೊಂದರಲ್ಲಿ ಮಾತ್ರ ಗುಲಾಬಿ ಬಣ್ಣದ ಕೊಬ್ಬಿದ ಹುಳ ಜೀವಂತವಾಗಿತ್ತು. ಅದನ್ನು ಸೋಪಿನ ನೀರಿಗೆ ಹಾಕಿದೆವು. ಗಂಜಿಯಾದ ಭಾಗಗಳನ್ನು ಗಟ್ಟಿ ಬಿಳಿ ತಿರುಳು ಕಾಣುವವರೆಗೆ ಕೊಯ್ದು ಎಸೆದೆವು. ಪ್ರತಿ ಕೊಯ್ತಕ್ಕೂ ಚಾಕುವನ್ನು ಬ್ಲೀಚ್ ಬೆರೆಸಿದ ನೀರಿನಲ್ಲಿ ಅದ್ದಿದೆವು, ಇಲ್ಲದಿದ್ದರೆ ಕೊಳೆಯನ್ನು ನಾವೇ ಹಂಚಿದಂತಾಗುತ್ತದೆ. ಉಳಿದ ಗೆಡ್ಡೆಗಳನ್ನು ಎರಡು ದಿನ ಒಣಗಿಸಿ, ಕೊಯ್ದ ಮುಖ ಬಿಗಿದ ಮೇಲೆ ನೆಟ್ಟೆವು.

ನೆಡುವಾಗ ಮಗಳು ಶುಂಠಿ ಹೂಳುವ ಹಾಗೆ ಮಣ್ಣು ಮುಚ್ಚಲು ಹೊರಟಿದ್ದಳು. ಪಕ್ಕದ ಮನೆಯಾಕೆ ತಡೆದರು. ಗಡ್ಡದ ಐರಿಸ್ ಗೆಡ್ಡೆ ಕೆರೆಯಲ್ಲಿ ಮಲಗಿದ ಎಮ್ಮೆಯ ಹಾಗಿರಬೇಕು, ಹೊಟ್ಟೆ ಒಳಗೆ, ಬೆನ್ನು ಹೊರಗೆ. ಆ ಬೆನ್ನಿಗೆ ಬಿಸಿಲು ಬೀಳಬೇಕು, ಮೇಲೆ ತರಗೆಲೆ ಹೊದಿಸಬಾರದು. ಬಿಸಿಲಿಗೆ ಒಣಗಿದ ಗೆಡ್ಡೆಯಲ್ಲಿ ಗಾರೆ ಕರಗಿಸುವ ಬ್ಯಾಕ್ಟೀರಿಯಾಕ್ಕೆ ಬೇಕಾದ ತೇವ ಸಿಗುವುದಿಲ್ಲ. ಪತಂಗಕ್ಕೆ ಮೊಟ್ಟೆಯಿಡಲು ಕಸವೂ ಸಿಗುವುದಿಲ್ಲ.

ನವೆಂಬರ್‌ನ ಚೀಲ

ಸೆಪ್ಟೆಂಬರ್‌ನ ಒಂದು ರಾತ್ರಿ ಹಿತ್ತಲಿನ ದೀಪಕ್ಕೆ ದಪ್ಪ ಮೈಯ, ಕಗ್ಗಂದು ರೆಕ್ಕೆಯ ಪತಂಗವೊಂದು ಬಂದು ಕೂತಿತ್ತು. ಮರುದಿನವೇ ಎಲೆಗಳನ್ನೆಲ್ಲ ಕತ್ತರಿಸಿಬಿಡೋಣ ಎಂದು ನನಗೆ ಆತುರ. ಪಕ್ಕದ ಮನೆಯಾಕೆ ಬೇಡವೆಂದರು. ಪತಂಗಗಳು ಇನ್ನೂ ಹಾರುತ್ತಿವೆ, ಈಗ ಕತ್ತರಿಸಿದರೆ ಉಳಿದ ಮೋಟು ಎಲೆಗಳ ಮೇಲೆ ಮೊಟ್ಟೆ ಇಡುತ್ತವೆ. ಗಟ್ಟಿ ಹಿಮ ಬಿದ್ದು ಕೊನೆಯ ಪತಂಗವೂ ಸತ್ತ ಮೇಲೆ ತೆಗೆದರೆ ಆ ವರ್ಷದ ಮೊಟ್ಟೆಗಳೆಲ್ಲ ಒಟ್ಟಿಗೆ ಕೈಗೆ ಬರುತ್ತವೆ. ಅಕ್ಟೋಬರ್ ನಡುವಿಗೆ ನಾನು ಊರಿಗೆ ಹೊರಟಾಗ ಎಲೆಗಳು ಇನ್ನೂ ಅರೆಹಸಿರಾಗಿ ನಿಂತಿದ್ದವು.

ನವೆಂಬರ್‌ನಲ್ಲಿ ಮಗಳು ವಿಡಿಯೋ ಕರೆ ಮಾಡಿದಳು. ಕೈಗೆ ಉಣ್ಣೆಯ ಗವುಸು, ಬಾಯಿಂದ ಹಬೆ. ಪಾತಿಯ ಎಲೆಗಳೆಲ್ಲ ಒಣಗಿ ಮಲಗಿದ್ದವು. ಒಂದು ಎಲೆಯ ಮಡಿಕೆಯನ್ನು ಬಿಡಿಸಿ ಫೋನಿನ ಕ್ಯಾಮೆರಾದ ಹತ್ತಿರ ತಂದಳು. ಮೊದಲು ಮಸುಕು, ಆಮೇಲೆ ಸ್ಪಷ್ಟವಾಯಿತು: ಸುಕ್ಕಿನ ಒಳಗೆ ಸಾಲಾಗಿ ಅಂಟಿದ ಸಣ್ಣ ಸಣ್ಣ ಕಾಳುಗಳು, ಇಪ್ಪತ್ತಕ್ಕೂ ಹೆಚ್ಚು. ಒಂದೊಂದೂ ಮುಂದಿನ ಮೇ ತಿಂಗಳ ಒಂದು ಸುರಂಗ.

"ಇದನ್ನ ಗೊಬ್ಬರದ ಗುಂಡಿಗೆ ಹಾಕ್ಲಾ ಅಪ್ಪಾ?"

"ಬೇಡಮ್ಮಾ. ಮನೆ ಗುಂಡಿ ಅಷ್ಟು ಬಿಸಿಯಾಗಲ್ಲ. ಚೀಲಕ್ಕೆ ತುಂಬಿ ಕಳಿಸಿಬಿಡು."

ಅವಳು ಫೋನನ್ನು ಬೇಲಿಗೆ ಒರಗಿಸಿಟ್ಟು, ಬುಡದಿಂದ ಒಂದೊಂದೇ ಎಲೆ ಬಿಡಿಸಿ ಕಾಗದದ ಚೀಲಕ್ಕೆ ತುಂಬತೊಡಗಿದಳು. ಬೇಲಿಯಾಚೆ ಪಕ್ಕದ ಮನೆಯಾಕೆಯೂ ಬಗ್ಗಿ ಅದೇ ಕೆಲಸದಲ್ಲಿದ್ದರು. ಬರಿದಾದ ಪಾತಿಯಲ್ಲಿ ಗೆಡ್ಡೆಗಳ ಬೆನ್ನುಗಳು ಒಂದೊಂದಾಗಿ ಕಾಣಿಸಿಕೊಂಡವು.